ಅಪ್ಪನ ನೌಕರಿ, ಮಕ್ಕಳ ಊರು: ಚಿನ್ನದ ಗಣಿ ಹೇಳುವ ವಲಸೆಯ ಚರಿತ್ರೆ

ಮನೆಯ ಯಜಮಾನನಿಗೆ ಪರದೇಶದಲ್ಲಿ ಕೆಲಸ ಸಿಕ್ಕಿತು ಎಂಬ ಸುದ್ದಿ ಬಂದಾಗ ಮೊದಲು ಲೆಕ್ಕಕ್ಕೆ ಬರುವುದು ಸಂಬಳ. ಆಮೇಲೆ ಸಾಲ, ಮನೆ, ಮದುವೆಯ ಖರ್ಚು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗನೋ ಮಗಳೋ ಲೆಕ್ಕಕ್ಕೆ ಬರುವುದು ಕೊನೆಯಲ್ಲಿ. ಎಲ್ಲರೂ ಹೋಗುವುದೇ, ಅಪ್ಪ ಒಬ್ಬರೇ ಹೋಗುವುದೇ? ಈಗ ಶಾಲೆ ಬಿಡಿಸಿದರೆ ಮುಂದೇನು? ಈ ಪ್ರಶ್ನೆಗಳು ಕೊಲ್ಲಿ ರಾಷ್ಟ್ರಗಳ ಹಣ ಬರತೊಡಗಿದ ಮೇಲೆ ಹುಟ್ಟಿದವು ಎಂದು ನಾವು ಭಾವಿಸುತ್ತೇವೆ. ಆದರೆ ನಮ್ಮದೇ ರಾಜ್ಯದ ಕೋಲಾರ ಚಿನ್ನದ ಗಣಿಯ ಮನೆಗಳಲ್ಲಿ ಇವು ನೂರು ವರ್ಷಕ್ಕೂ ಹಿಂದಿನಿಂದ ಕೇಳಿಬಂದಿವೆ. ಆ ಚರಿತ್ರೆಯನ್ನು ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೋಗುವ ನಿರ್ಧಾರ ಮನೆಯೊಳಗೆ ಆಗುತ್ತದೆ. ಆದರೆ ಯಾರನ್ನು ಜೊತೆಗೆ ಕರೆದೊಯ್ಯಬಹುದು, ಯಾವ ವಯಸ್ಸಿನವರೆಗೆ ಎಂಬುದನ್ನು ಹೊರಗಿನವರು ತೀರ್ಮಾನಿಸುತ್ತಾರೆ. ಆ ಗಡಿಗೆರೆಯ ಮೇಲೆ ಬಂದು ನಿಲ್ಲುವುದು ಹದಿಹರೆಯದ ಮಕ್ಕಳೇ.

ಪರದೇಶವಾಗಿದ್ದ ಕೆಜಿಎಫ್

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಇಲ್ಲಿನ ಗಣಿಗಳ ಆಡಳಿತಕ್ಕೆ ಕೈಹಾಕಿತು. ಆ ಹೊತ್ತಿಗೆ ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಪ್ರಾಂತ ಕಂಗಾಲಾಗಿತ್ತು. 1866ರಲ್ಲಿ ತಾಮ್ರದ ಗಣಿಗಾರಿಕೆ ಕುಸಿದಿತ್ತು, 1870ರ ದಶಕದಲ್ಲಿ ತವರದ ಬೆಲೆಯೂ ಬಿದ್ದಿತು. ತಲೆಮಾರುಗಳಿಂದ ನೆಲ ಅಗೆಯುವುದನ್ನೇ ಕಲಿತಿದ್ದ ಗಂಡಸರು ಆಸ್ಟ್ರೇಲಿಯಾ, ಅಮೆರಿಕ, ದಕ್ಷಿಣ ಆಫ್ರಿಕಾಗಳತ್ತ ಹೊರಟರು. ಹಾಗೆ ಹೊರಟವರಲ್ಲಿ ಕೆಲವರು ಹಡಗು ಹತ್ತಿ ಮದರಾಸಿನ ಹಾದಿಯಾಗಿ ಕೋಲಾರಕ್ಕೂ ಬಂದರು. ಅವರಿಗೆ ಕೆಜಿಎಫ್ ಎಂದರೆ ಇಂದು ನಮ್ಮವರಿಗೆ ದುಬೈ, ರಿಯಾದ್ ಇದ್ದ ಹಾಗೆ.

ಊರಲ್ಲಿ ಉಳಿದ ಹೆಂಡತಿಯರು ಪರದೇಶದ ಹಣಕ್ಕಾಗಿ ಕಾದು, ಮಕ್ಕಳನ್ನು ಒಬ್ಬರೇ ಸಾಕಿದರು. ಅಂಥವರಿಗೆ ‘ಗಂಡನಿರುವ ವಿಧವೆಯರು’ ಎಂಬ ಮಾತೇ ಹುಟ್ಟಿಕೊಂಡಿತ್ತು. ನಮ್ಮ ಕರಾವಳಿಯ ಮನೆಗಳಿಗೆ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೇಲಿನ ಹುದ್ದೆಯವರಿಗೆ ಕಂಪೆನಿ ಬಂಗಲೆ ಕೊಟ್ಟಿತು, ಸಂಸಾರ ತರಲು ಅನುಕೂಲವಿತ್ತು. ಹಾಗೆಂದು ಮಕ್ಕಳು ಜೊತೆಗೇ ಉಳಿದರು ಎನ್ನುವಂತಿಲ್ಲ. ಮಕ್ಕಳನ್ನು ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಿ ವರ್ಷಗಟ್ಟಲೆ ಅಗಲಿ ಇರುವುದು ಭಾರತದಲ್ಲಿದ್ದ ಅನುಕೂಲಸ್ಥ ಆಂಗ್ಲರ ವಾಡಿಕೆಯಾಗಿತ್ತು. ಬರಹಗಾರ ರುಡ್ಯಾರ್ಡ್ ಕಿಪ್ಲಿಂಗ್ ಆರು ವರ್ಷ ತುಂಬುವ ಮೊದಲೇ, 1871ರಲ್ಲಿ, ಪುಟ್ಟ ತಂಗಿಯೊಂದಿಗೆ ಇಂಗ್ಲೆಂಡಿನ ಅಪರಿಚಿತರ ಮನೆ ಸೇರಿದ್ದ. ಅಲ್ಲಿ ಅನುಭವಿಸಿದ ನೋವನ್ನು ಆತ ಮುಪ್ಪಿನಲ್ಲೂ ಮರೆಯಲಿಲ್ಲ.

ಬಂಡೆ ಕೊರೆದವರು ಬೇರೆ. ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯ ಬಡ ಕುಟುಂಬಗಳು, ಹೆಚ್ಚಿನವರು ದಲಿತರು, ಮೇಸ್ತ್ರಿಗಳ ಮುಂಗಡದ ಬೆನ್ನು ಹತ್ತಿ ಬಂದವರು. ಅದೇ ಸೀಮೆಗಳಿಂದ ಸಿಲೋನ್, ಮಲಯಾಗಳ ತೋಟಗಳಿಗೂ ಜನ ಹೋಗುತ್ತಿದ್ದ ಕಾಲ ಅದು. ಕಡಲು ದಾಟುವ ಬದಲು ಇವರು ಮೈಸೂರು ಸಂಸ್ಥಾನದ ಗಡಿ ದಾಟಿದರು. ಇವರು ಹೆಂಡತಿ ಮಕ್ಕಳೊಂದಿಗೆ ಬಿದಿರು ತಟ್ಟಿಯ ಗುಡಿಸಲುಗಳಲ್ಲಿ ಬಾಳಿದರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಹಳಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು ಗಣಿಗೆ ವಿದ್ಯುತ್ ತರಲಾಯಿತು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳು ಬೆಳೆದವು. ಬಂದವರ ಮಕ್ಕಳಿಗೆ ಇದೇ ಹುಟ್ಟೂರಾಯಿತು.

1944ರಲ್ಲಿ ಹುಟ್ಟಿದ ಮಗು

ಕೆಜಿಎಫ್‌ನಿಂದ ಹೊರಹೋಗುವ ಪ್ರಶ್ನೆ ತೀವ್ರವಾಗಿ ಎದ್ದದ್ದು ಆಂಗ್ಲೋ ಇಂಡಿಯನ್ ಮನೆಗಳಲ್ಲಿ. ಯುರೋಪಿಯನ್ ಅಧಿಕಾರಿಗಳಿಗೂ ಕಾರ್ಮಿಕರಿಗೂ ನಡುವಿನ ಕೆಲಸಗಳಲ್ಲಿ, ವರ್ಕ್‌ಶಾಪು, ಕಚೇರಿ, ಆಸ್ಪತ್ರೆ, ಶಾಲೆಗಳಲ್ಲಿ, ಅವರಿದ್ದರು. ಮನೆಮಾತು ಇಂಗ್ಲಿಷ್, ಹುಟ್ಟಿದ ನೆಲ ಕೋಲಾರ.

ಇಂಥ ಒಂದು ಮನೆಯಲ್ಲಿ 1944ರಲ್ಲಿ ಮಗುವೊಂದು ಹುಟ್ಟಿತು ಎಂದು ಊಹಿಸಿಕೊಂಡು ವರ್ಷಗಳನ್ನು ಎಣಿಸಿ ನೋಡೋಣ. ಅದಕ್ಕೆ 12 ತುಂಬುವಾಗ, 1956ರಲ್ಲಿ, ಮೈಸೂರು ಸರಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. ಆಂಗ್ಲ ಕಂಪೆನಿಯ ಕಾಲ ಮುಗಿಯಿತು. 16 ತುಂಬುವಾಗ, 1960ರಲ್ಲಿ, ಇನ್ನೊಂದು ಬಾಗಿಲು ಮುಚ್ಚಿತು. ರೈಲ್ವೆ, ಕಸ್ಟಮ್ಸ್, ಅಂಚೆ ಮತ್ತು ತಂತಿ ಇಲಾಖೆಗಳಲ್ಲಿ ಆಂಗ್ಲೋ ಇಂಡಿಯನ್ನರಿಗಿದ್ದ ಮೀಸಲು ನೇಮಕವನ್ನು ಸಂವಿಧಾನದ 336ನೆಯ ವಿಧಿ ಎರಡು ವರ್ಷಕ್ಕೊಮ್ಮೆ ಶೇ. 10ರಂತೆ ಇಳಿಸಿ, ಹತ್ತು ವರ್ಷಕ್ಕೆ ಪೂರ್ತಿ ನಿಲ್ಲಿಸಿತ್ತು. 337ನೆಯ ವಿಧಿಯಂತೆ ಅವರ ಶಾಲೆಗಳ ವಿಶೇಷ ಅನುದಾನವೂ ಹತ್ತು ವರ್ಷಕ್ಕೆ ಕೊನೆಗೊಂಡಿತು. ತಂದೆಗೆ ಗಣಿಯಲ್ಲಿ ಕೆಲಸವಿದ್ದರೂ ಮಗನಿಗೆ ಎಲ್ಲಿ ಎಂಬ ಚಿಂತೆ ಮನೆಗೆ ಬಂದದ್ದು ಹೀಗೆ.

ಹೋಗಲು ದಾರಿಯಿತ್ತು. 1948ರ ಬ್ರಿಟಿಷ್ ರಾಷ್ಟ್ರೀಯತೆ ಕಾಯ್ದೆಯ ಪ್ರಕಾರ ಕಾಮನ್‌ವೆಲ್ತ್ ಪ್ರಜೆಗಳು ಬ್ರಿಟನ್ನಿಗೆ ಹೋಗಿ ನೆಲೆಸಬಹುದಿತ್ತು. ಆದರೆ 1962ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆ, ಬ್ರಿಟನ್ನಿನದೇ ಪಾಸ್‌ಪೋರ್ಟ್ ಇಲ್ಲದವರಿಗೆ ಕೆಲಸದ ವೋಚರ್ ಕೇಳಿತು. ತಂದೆತಾಯಿಯ ಜೊತೆ ಹಕ್ಕಿನಿಂದ ಹೋಗಬಹುದಾದ ಮಕ್ಕಳ ವಯಸ್ಸು 16ರ ಒಳಗಿರಬೇಕಿತ್ತು. ನಾವು ಎಣಿಸುತ್ತಿರುವ ಮಗುವಿಗೆ ಆಗ 18. ತಮ್ಮನಿಗೆ 14 ಆಗಿದ್ದರೆ ಅವನು ಹೋಗಬಹುದು, ಅಣ್ಣನಿಗೆ ಆ ಹಕ್ಕಿಲ್ಲ! ಎರಡು ವರ್ಷ ತಡಮಾಡಿದ ಸಂಸಾರ ಒಡೆದುಹೋಗುವ ಸಂಭವವಿತ್ತು.

ಆಸ್ಟ್ರೇಲಿಯಾದ ಬಾಗಿಲಲ್ಲಿ ಬೇರೆಯದೇ ಪರೀಕ್ಷೆ. 1947ರಲ್ಲಿ ‘ಮನೂರಾ’ ಎಂಬ ಹಡಗು ಆಂಗ್ಲೋ ಇಂಡಿಯನ್ನರನ್ನು ಅಲ್ಲಿಗೆ ಒಯ್ದಿತ್ತು. ಆದರೆ ಅಂದಿನ ಬಿಳಿಯರ ಆಸ್ಟ್ರೇಲಿಯಾ ನೀತಿಯಡಿ ಅರ್ಜಿದಾರರ ವಂಶದಲ್ಲಿ ಯುರೋಪಿಯನ್ ರಕ್ತ ಎಷ್ಟು ಎಂದು ಅಳೆಯಲಾಗುತ್ತಿತ್ತು. ಅದು ಸಡಿಲವಾದದ್ದು 1966ರಲ್ಲಿ, ತೊಲಗಿದ್ದು 1973ರಲ್ಲಿ. ಒಂದೇ ಮನೆಯ ಮಕ್ಕಳ ಮೈಬಣ್ಣ ಬೇರೆಬೇರೆ ಇರುವುದು ಸಹಜ. ಅದನ್ನೂ ಅಧಿಕಾರಿಯೊಬ್ಬ ನೋಡುತ್ತಾನೆ ಎಂಬ ಅವಮಾನವನ್ನು ಊಹಿಸಿಕೊಳ್ಳಿ.

ಈ ದೇಶವೇ ನಮ್ಮ ದೇಶ, ಇಲ್ಲೇ ಉಳಿಯೋಣ ಎಂದು ಸಮುದಾಯದ ನಾಯಕ ಫ್ರ್ಯಾಂಕ್ ಆಂಥೋನಿ ಹೇಳುತ್ತಲೇ ಬಂದರು. ಅವರ ಮಾತನ್ನು ಒಪ್ಪಿ ಉಳಿದವರೂ ಇದ್ದಾರೆ. ಹೋದವರು ದೇಶಪ್ರೇಮವಿಲ್ಲದವರೆಂದು ತೀರ್ಪು ಕೊಡುವುದು ಸುಲಭ. ಆದರೆ 1956, 1960, 1962 ಎಂಬ ಮೂರು ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದವರು ಆ ಮಾತನ್ನು ಅಷ್ಟು ಬೇಗ ಆಡಲಾರರು.

ಪಾಸ್‌ಪೋರ್ಟ್ ಇಲ್ಲದವರ ವಲಸೆ

ಕಾರ್ಮಿಕರ ಮನೆಗಳಿಗೆ ಇಂಥ ಆಯ್ಕೆಯೂ ಇರಲಿಲ್ಲ. 1962ರಲ್ಲಿ ಗಣಿ ಕೇಂದ್ರ ಸರಕಾರದ ಕೈಗೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತಾ, ಮೂರು ಕಿ.ಮೀ.ಗೂ ಆಳದಿಂದ ಅದನ್ನು ಎತ್ತುವ ವೆಚ್ಚ ಏರುತ್ತಾ ಹೋಯಿತು. 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸಾವಿರಾರು ಕುಟುಂಬಗಳು ಬರಬೇಕಾದ ಬಾಕಿಗಾಗಿ, ವಾಸವಿದ್ದ ಮನೆಯ ಹಕ್ಕಿಗಾಗಿ ಕಾಯುತ್ತಾ ಅಲ್ಲೇ ಉಳಿದವು.

ದುಡಿಮೆ ಮಾತ್ರ ಬೆಂಗಳೂರಿಗೆ ಹೋಯಿತು. ನಸುಕಿನಲ್ಲಿ ಮಾರಿಕುಪ್ಪಂನಿಂದ ಹೊರಡುವ ರೈಲು ಬಂಗಾರಪೇಟೆಯಲ್ಲಿ ಇನ್ನಷ್ಟು ಜನರನ್ನು ತುಂಬಿಕೊಂಡು ಸುಮಾರು 100 ಕಿ.ಮೀ. ದೂರದ ನಗರಕ್ಕೆ ಸಾಗುತ್ತದೆ. ಅವರಲ್ಲಿ ಅನೇಕರು ಇಳಿಯುವ ವೈಟ್‌ಫೀಲ್ಡ್ 1880ರ ದಶಕದಲ್ಲಿ ಆಂಗ್ಲೋ ಇಂಡಿಯನ್ನರಿಗೆ ನೆಲೆಯಾಗಲೆಂದೇ ಹುಟ್ಟಿದ ಊರು! ಮಕ್ಕಳು ಏಳುವ ಮೊದಲು ಹೋಗಿ, ಮಲಗುವ ಹೊತ್ತಿಗೆ ಬರುವ ತಂದೆತಾಯಿಯ ಬದುಕೂ ಒಂದು ಬಗೆಯ ವಲಸೆಯೇ.

ಇಂದಿನ ಮನೆಗಳಿಗೆ

ಕೊಲ್ಲಿ ರಾಷ್ಟ್ರಗಳಲ್ಲೂ ಹಳೆಯ ನಿಯಮ ಹೊಸ ರೂಪದಲ್ಲಿದೆ. ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಮ್ ಸಂಬಳ, ಅಥವಾ 3,000 ದಿರ್ಹಮ್ ಮತ್ತು ವಸತಿ ಇರಬೇಕು ಎಂಬ ನಿಯಮ ಬಂತು. ಅದಕ್ಕಿಂತ ಕಡಿಮೆ ದುಡಿಯುವವನು ಒಬ್ಬನೇ ಇರಬೇಕು. ಗಂಡುಮಕ್ಕಳನ್ನು ತಂದೆಯ ವೀಸಾದಲ್ಲಿ ಇರಿಸಿಕೊಳ್ಳುವ ಸಾಮಾನ್ಯ ಮಿತಿ ಅಲ್ಲಿ 18 ಇತ್ತು. 2022ರಲ್ಲಷ್ಟೇ ಅವಿವಾಹಿತರಿಗೆ ಅದು 25ಕ್ಕೆ ಏರಿತು. ಸೌದಿ ಅರೇಬಿಯಾ 2017ರ ಜುಲೈಯಿಂದ ಪ್ರತಿ ಅವಲಂಬಿತನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿ, ವರ್ಷಕ್ಕೆ ನೂರರಂತೆ ಏರಿಸಿ 2020ಕ್ಕೆ 400ಕ್ಕೆ ತಂದಿತು. ಆಗ ಎಷ್ಟೋ ಮಂದಿ ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿದರು. ಅಲ್ಲೇ ಬೆಳೆದ ಮಕ್ಕಳು ಎಂದೂ ನೋಡದ ‘ಸ್ವಂತ ಊರಿನ’ ಶಾಲೆಗೆ ಹೊಸಬರಾಗಿ ಬಂದರು.

ಇಲ್ಲಿಯ ನಿಯಮಗಳೂ ಇವೆ. ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯ ಅರ್ಹತೆ ಪಡೆಯಲು ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು, ಹತ್ತನೆಯ ತರಗತಿಯನ್ನೋ ದ್ವಿತೀಯ ಪಿಯುಸಿಯನ್ನೋ ಇಲ್ಲೇ ಪಾಸಾಗಿರಬೇಕು. ಒಂಬತ್ತನೆಯ ತರಗತಿಯ ಮಗುವನ್ನು ಕರೆದೊಯ್ಯುವ ತಂದೆತಾಯಿ ಇದನ್ನೂ, ಬೇರೆ ವಿಧಿಗಳಡಿ ಇರುವ ಅವಕಾಶಗಳನ್ನೂ ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಬೇಕು.

ಹೋಗುವುದು ತಪ್ಪಲ್ಲ, ಉಳಿಯುವುದು ಹೇಡಿತನವೂ ಅಲ್ಲ. ಕೆಜಿಎಫ್ ನಮಗೆ ಕಲಿಸುವುದು ಲೆಕ್ಕ ಹಾಕುವ ಕ್ರಮವನ್ನು. ಕೆಲಸ ಎಷ್ಟು ವರ್ಷದ್ದು? ಅದು ನಿಂತ ದಿನ ಮಗುವಿನ ವಯಸ್ಸೆಷ್ಟು? ಆಗ ಅದು ಯಾವ ದೇಶದಲ್ಲಿ, ಯಾವ ಹಕ್ಕಿನ ಮೇಲೆ ಓದು ಮುಂದುವರಿಸುತ್ತದೆ? ಈ ಮೂರು ಪ್ರಶ್ನೆಗಳನ್ನು ಸಂಬಳಕ್ಕಿಂತ ಮೊದಲು ಕೇಳಿಕೊಳ್ಳಬೇಕು. ಉತ್ತರ ಹುಡುಕುವಾಗ ಹದಿನಾಲ್ಕು ವರ್ಷದ ಮಗಳನ್ನೋ ಮಗನನ್ನೋ ‘ನೀನು ಹೋಗಿ ಓದಿಕೋ’ ಎಂದು ಒಳಗೆ ಕಳುಹಿಸದೆ ಜೊತೆಗೆ ಕೂರಿಸಿಕೊಳ್ಳಬೇಕು. ದೊಡ್ಡವರಿಗೆ ಅದು ನೌಕರಿಯ ಕೆಲವು ವರ್ಷಗಳಾದರೆ ಮಕ್ಕಳಿಗೆ ಇಡೀ ಬಾಲ್ಯದ ಕೊನೆಯ ಭಾಗ.