ಕಪ್ಪು ಕೈಯ ಕಾಗದಗಳು

ಗುಂಜಿ, ಖಾನಾಪುರ, ಲೋಂಡಾ ಭಾಗದ ಜನ ದುಡಿಮೆಗಾಗಿ ಗೋವಾ, ಪುಣೆ, ಮುಂಬೈಗಳತ್ತ ಹೋಗುವುದು ನಮಗೆ ಹೊಸದಲ್ಲ. ದೊಡ್ಡ ಶಹರಕ್ಕೆ ಹೋದವರು ಅಲ್ಲಿ ಕಲಿಯುವ ಮೊದಲ ಪದಗಳಲ್ಲಿ 'ಹಫ್ತಾ' ಕೂಡ ಒಂದು. ಫಾರಸಿಯಲ್ಲಿ 'ಹಫ್ತ್' ಎಂದರೆ ಏಳು, 'ಹಫ್ತಾ' ಎಂದರೆ ವಾರ. ಇಂಥ ನಿರುಪದ್ರವಿ ಪದ ಮುಂಬೈಯ ಬೀದಿಗಳಲ್ಲಿ ಹೆದರಿಸಿ ಕಸಿಯುವ ಹಣದ ಹೆಸರಾಯಿತು. ಕರಾವಳಿಯಿಂದ ಹೋಗಿ ಬೆವರು ಸುರಿಸಿ ಹೋಟೆಲು ಕಟ್ಟಿದ ಕನ್ನಡಿಗರು, ತುಳುವರು ಕೂಡ ಅದರ ಬಿಸಿ ಉಂಡವರೇ. ಈ ಪಿಡುಗನ್ನು ಎದುರಿಸಲು ಮಹಾರಾಷ್ಟ್ರವು 1999ರಲ್ಲಿ 'ಮೋಕಾ' ಕಾಯ್ದೆ ತಂದಿತು. ಮರುವರ್ಷ ಕರ್ನಾಟಕವೂ 'ಕೋಕಾ' ತಂದಿತು.

ಆದರೆ ಕಾಯ್ದೆಯೊಂದರಿಂದಲೇ ಸುಲಿಗೆ ನಿಲ್ಲುತ್ತದೆಯೇ? ಇದಕ್ಕೆ ಉತ್ತರ ಹುಡುಕಲು ನಾವು ನೂರು ವರ್ಷ ಹಿಂದಿನ ಅಮೆರಿಕಕ್ಕೆ ಹೋಗಬೇಕು.

1880ರಿಂದ 1920ರವರೆಗೆ ನಲವತ್ತು ಲಕ್ಷಕ್ಕೂ ಹೆಚ್ಚು ಇಟಾಲಿಯನ್ನರು ಅಮೆರಿಕಕ್ಕೆ ವಲಸೆ ಹೋದರು. ಹೆಚ್ಚಿನವರು ದಕ್ಷಿಣ ಇಟಲಿಯ ಬಡ ರೈತರು. ಸುರಂಗ ತೋಡುವುದು, ಇಟ್ಟಿಗೆ ಹೊರುವುದು, ಹಣ್ಣು ಮಾರುವುದು ಅವರ ಪಾಲಿಗೆ ಬಂದ ಕೆಲಸ. ಅವರಲ್ಲಿ ಯಾರಾದರೂ ನಾಲ್ಕು ಕಾಸು ಕೂಡಿಟ್ಟು ಅಂಗಡಿ ತೆರೆದರೆ ಒಂದು ದಿನ ಬಾಗಿಲಿಗೆ ಕಾಗದ ಬರುತ್ತಿತ್ತು. 'ಇಷ್ಟು ಹಣ ಇಂಥ ಜಾಗಕ್ಕೆ ತಲುಪಿಸು. ಇಲ್ಲದಿದ್ದರೆ ನಿನ್ನ ಮಗು ಸಿಗುವುದಿಲ್ಲ, ಅಂಗಡಿ ಉಳಿಯುವುದಿಲ್ಲ' ಎಂಬುದು ಅದರ ಸಾರಾಂಶ. ಕೆಳಗೆ ಸಹಿ ಇರುತ್ತಿರಲಿಲ್ಲ. ಅದರ ಬದಲು ಒಂದು ಕಪ್ಪು ಕೈ, ಕಠಾರಿ ಅಥವಾ ಶವಪೆಟ್ಟಿಗೆಯ ಚಿತ್ರ ಇರುತ್ತಿತ್ತು.

1903ರಲ್ಲಿ ಬ್ರೂಕ್ಲಿನ್ನಿನ ಗುತ್ತಿಗೆದಾರ ನಿಕೋಲಾ ಕಪಿಯೆಲ್ಲೊಗೆ ಇಂಥದೇ ಕಾಗದ ಬಂತು. ಆತ ಸಾವಿರ ಡಾಲರ್ ಕೊಟ್ಟ. ಕೊಟ್ಟ ಮೇಲೆ ಇನ್ನೂ ಮೂರು ಸಾವಿರ ಕೇಳಿದರು. ಕೊನೆಗೆ ಆತ ಪೊಲೀಸರ ಬಳಿ ಹೋದಾಗ ಸಿಕ್ಕಿಬಿದ್ದವರಲ್ಲಿ ಆತನ ಸ್ನೇಹಿತರೇ ಇದ್ದರು. 'ಕಪ್ಪು ಕೈ' ಎಂಬುದು ಪತ್ರಿಕೆಗಳು ಚಿತ್ರಿಸಿದಂತೆ ಒಬ್ಬ ನಾಯಕನ ಕೈಕೆಳಗಿನ ಮಹಾಸಂಘಟನೆಯಾಗಿರಲಿಲ್ಲ. ಅದೊಂದು ದಂಧೆಯ ವಿಧಾನ. ಮೂರು ಜನ ಪುಂಡರು, ಒಂದು ಹಾಳೆ, ಒಂದಿಷ್ಟು ಮಸಿ ಇದ್ದರೆ ಸಾಕಿತ್ತು. ಉಳಿದದ್ದನ್ನು ಭಯವೇ ಮಾಡಿಕೊಡುತ್ತಿತ್ತು.

ಜನ ಯಾಕೆ ದೂರು ಕೊಡಲಿಲ್ಲ? ಭಾಷೆ ಬಾರದಿರುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಅಪನಂಬಿಕೆ. ನ್ಯೂ ಆರ್ಲಿಯನ್ಸ್ ನಗರದಲ್ಲಿ ಪೊಲೀಸ್ ಮುಖ್ಯಸ್ಥನ ಕೊಲೆಯ ವಿಚಾರಣೆಯಲ್ಲಿ ಯಾರೊಬ್ಬರ ಮೇಲೂ ಆರೋಪ ಸಾಬೀತಾಗದಿದ್ದಾಗ, 1891ರ ಮಾರ್ಚ್ 14ರಂದು ಜನರ ಗುಂಪು ಜೈಲಿಗೆ ನುಗ್ಗಿ ಹನ್ನೊಂದು ಇಟಾಲಿಯನ್ನರನ್ನು ಕೊಂದುಹಾಕಿತು. ಇಟಾಲಿಯನ್ ಎಂದರೆ ಚೂರಿ ಎಂದು ಬರೆಯುವ ಪತ್ರಿಕೆಗಳಿದ್ದಾಗ, ಬಡ ಹಣ್ಣಿನ ವ್ಯಾಪಾರಿ ಯಾವ ಧೈರ್ಯದಿಂದ ಠಾಣೆಯ ಮೆಟ್ಟಿಲು ಹತ್ತಬೇಕು?

ಆ ಧೈರ್ಯ ಕೊಟ್ಟವನು ಅವರದೇ ಮಗ, ಜೋಸೆಫ್ ಪೆಟ್ರೊಸಿನೊ. ಬಾಲ್ಯದಲ್ಲೇ ವಲಸೆ ಬಂದು 1883ರಲ್ಲಿ ನ್ಯೂಯಾರ್ಕ್ ಪೊಲೀಸ್ ಸೇರಿದವನು. ಬೆರಳೆಣಿಕೆಯ ಇಟಾಲಿಯನ್ ಸಹೋದ್ಯೋಗಿಗಳನ್ನು ಕಟ್ಟಿಕೊಂಡು ಪ್ರತ್ಯೇಕ ದಳ ನಡೆಸಿದ. ಜನರ ಮಾತಿನಲ್ಲೇ ಅವರ ದುಃಖ ಕೇಳಿದ. 1907ರಲ್ಲಿ ಷಿಕಾಗೋದ ಇಟಾಲಿಯನ್ ಮುಖಂಡರು 'ಬಿಳಿ ಕೈ' ಎಂಬ ಸಂಘ ಕಟ್ಟಿದರು. 1909ರಲ್ಲಿ ಪೆಟ್ರೊಸಿನೊ ಗುಪ್ತವಾಗಿ ಸಿಸಿಲಿಗೆ ಹೋದ. ಆದರೆ ಆ ಗುಟ್ಟು ಪತ್ರಿಕೆಯಲ್ಲಿ ಬಯಲಾಯಿತು. ಮಾರ್ಚ್ 12ರ ರಾತ್ರಿ ಪಲೆರ್ಮೊದಲ್ಲಿ ಆತನನ್ನು ಗುಂಡಿಟ್ಟು ಕೊಂದರು. ಕೊಂದವರಿಗೆ ಶಿಕ್ಷೆಯಾಗಲಿಲ್ಲ. ನ್ಯೂಯಾರ್ಕಿನಲ್ಲಿ ಆತನ ಶವಯಾತ್ರೆಗೆ ಸುಮಾರು ಎರಡೂವರೆ ಲಕ್ಷ ಜನ ಸೇರಿದ್ದರು. ಮರುವರ್ಷ ಜಗತ್ಪ್ರಸಿದ್ಧ ಗಾಯಕ ಕರೂಸೊಗೆ ಹದಿನೈದು ಸಾವಿರ ಡಾಲರಿನ ಬೆದರಿಕೆ ಬಂದಾಗ ಆತ ಹಣ ಕೊಟ್ಟು ಸುಮ್ಮನಾಗಲಿಲ್ಲ, ಪೊಲೀಸರಿಗೆ ತಿಳಿಸಿದ. ಪೊಲೀಸರು ಬಲೆ ಬೀಸಿ ಇಬ್ಬರನ್ನು ಹಿಡಿದರು. ಅಂಚೆಯ ಮೂಲಕ ಬೆದರಿಸುವುದರ ವಿರುದ್ಧ ಕ್ರಮ ಬಿಗಿಯಾದಂತೆ, 1920ರ ಹೊತ್ತಿಗೆ ಈ ಕಾಗದಗಳ ಕಾಲ ಬಹುತೇಕ ಮುಗಿಯಿತು.

ಇಡೀ ಸಮುದಾಯಕ್ಕೆ ಹಣೆಪಟ್ಟಿ ಅಂಟಿಸುವ ರೋಗ ಅಮೆರಿಕಕ್ಕೆ ಸೀಮಿತವಲ್ಲ. ನಮ್ಮಲ್ಲಿ ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. 1911ರ ಕಾಯ್ದೆಯಿಂದ ಅದು ಮುಂಬೈ ಪ್ರಾಂತಕ್ಕೂ, ಅಂದರೆ ನಮ್ಮ ಬೆಳಗಾವಿ, ಧಾರವಾಡ, ವಿಜಾಪುರಗಳಿಗೂ ಹಬ್ಬಿತು. ಹರಣಶಿಕಾರಿ, ಗಂಟಿಚೋರ್ ಜನರ ಜೊತೆ ಮುಸ್ಲಿಮರಾದ ಛಪ್ಪರಬಂದರೂ ಹುಟ್ಟಿನಿಂದಲೇ ಅಪರಾಧಿಗಳೆನಿಸಿದರು. ಹುಬ್ಬಳ್ಳಿ, ಗದಗ, ವಿಜಾಪುರಗಳ 'ಸೆಟ್ಲ್‌ಮೆಂಟು'ಗಳಲ್ಲಿ ಹಾಜರಿ ಹೇಳಿ ಬದುಕಬೇಕಾಯಿತು. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಜನರ ಮನಸ್ಸಿನಿಂದ ಅದು ರದ್ದಾಗಿದೆಯೇ?

ಕೆಲವರ ಪಾಪವನ್ನು ಎಲ್ಲರ ತಲೆಗೆ ಕಟ್ಟಿದರೆ ಅದರ ಲಾಭ ಪಾಪಿಗೇ ಹೋಗುತ್ತದೆ. ಯಾಕೆಂದರೆ ಆಗ ಸುಲಿಗೆಗೊಳಗಾದವನೂ ಬಾಯಿ ಮುಚ್ಚುತ್ತಾನೆ. 'ನಮ್ಮವನು' ಎಂದು ಪುಂಡನ ಕೃತ್ಯ ಮುಚ್ಚಿಡುವ ಸಮುದಾಯವೂ ಅದೇ ತಪ್ಪು ಮಾಡುತ್ತದೆ. ಕಪ್ಪು ಕೈಗೆ ಮೊದಲು ಬಲಿಯಾದವರು ಇಟಾಲಿಯನ್ನರೇ. ಅದರ ವಿರುದ್ಧ ಮೊದಲು ಎದ್ದು ನಿಂತವರೂ ಅವರೇ. ಮೊದಲನೆಯದನ್ನು ಲೋಕ ಮರೆಯಬಾರದು, ಎರಡನೆಯದನ್ನು ನಾವು ಮರೆಯಬಾರದು.