ನೋಕಿಯಾ 808 ಪ್ಯೂರ್‌ವ್ಯೂ

ನೋಕಿಯಾ 808 ಪ್ಯೂರ್‌ವ್ಯೂ ಫಿನ್ಲೆಂಡ್ ದೇಶದ ನೋಕಿಯಾ ಕಂಪನಿಯು ತಯಾರಿಸಿದ, ಸಿಂಬಿಯನ್ ಕಾರ್ಯಾಚರಣಾ ವ್ಯವಸ್ಥೆಯನ್ನು ಹೊಂದಿದ್ದ ಸ್ಮಾರ್ಟ್‌ಫೋನ್. ಸ್ಪೇನ್‌ನ ಬಾರ್ಸಿಲೋನಾ ನಗರದಲ್ಲಿ ನಡೆದ ಮೊಬೈಲ್ ವರ್ಲ್ಡ್ ಕಾಂಗ್ರೆಸ್ ಸಮಾವೇಶದಲ್ಲಿ 2012ರ ಫೆಬ್ರವರಿ 27ರಂದು ಇದನ್ನು ಮೊದಲ ಬಾರಿಗೆ ಪ್ರಕಟಿಸಲಾಯಿತು. 41 ಮೆಗಾಪಿಕ್ಸೆಲ್ ಸಾಮರ್ಥ್ಯದ ಕ್ಯಾಮೆರಾ ಸಂವೇದಕದಿಂದಾಗಿ ಇದು ಪ್ರಸಿದ್ಧವಾಯಿತು. ಆ ಸಮಾವೇಶದಲ್ಲಿ ಅತ್ಯುತ್ತಮ ಹೊಸ ಮೊಬೈಲ್ ಸಾಧನಕ್ಕೆ ನೀಡುವ ಪ್ರಶಸ್ತಿಯೂ ಇದಕ್ಕೆ ಲಭಿಸಿತು. ಸಿಂಬಿಯನ್ ವ್ಯವಸ್ಥೆಯಲ್ಲಿ ನೋಕಿಯಾ ಹೊರತಂದ ಕೊನೆಯ ಫೋನ್ ಇದಾಗಿದೆ.

ವಿನ್ಯಾಸ

ಫೋನಿನ ಹೊರರೂಪವನ್ನು ಬಹುಮಟ್ಟಿಗೆ ಅದರ ಕ್ಯಾಮೆರಾ ನಿರ್ಧರಿಸಿದೆ. ಸಂವೇದಕವು ದೊಡ್ಡದಾದಷ್ಟೂ ಮಸೂರವನ್ನು ಅದರಿಂದ ಹೆಚ್ಚು ದೂರದಲ್ಲಿ ಇರಿಸಬೇಕಾಗುತ್ತದೆ. ಆದುದರಿಂದ 13.9 ಮಿ.ಮೀ. ದಪ್ಪವಿರುವ ಫೋನ್ ಕ್ಯಾಮೆರಾ ಇರುವ ಭಾಗದಲ್ಲಿ ಸುಮಾರು 18 ಮಿ.ಮೀ.ವರೆಗೆ ಉಬ್ಬಿಕೊಂಡಿದೆ. ಇದರ ಉದ್ದ 123.9 ಮಿ.ಮೀ., ಅಗಲ 60.2 ಮಿ.ಮೀ. ಮತ್ತು ತೂಕ 169 ಗ್ರಾಂ. ಛಾಯಾಚಿತ್ರ ತೆಗೆಯಲು ಅಂಚಿನಲ್ಲಿ ಪ್ರತ್ಯೇಕ ಗುಂಡಿಯಿದೆ. ಕಪ್ಪು, ಬಿಳಿ ಮತ್ತು ಕೆಂಪು ಬಣ್ಣಗಳಲ್ಲಿ ಇದು ಲಭ್ಯವಿತ್ತು.

4 ಇಂಚಿನ ಅಮೋಲೆಡ್ ಸ್ಪರ್ಶಪರದೆಯು 640 × 360 ಪಿಕ್ಸೆಲ್‌ಗಳನ್ನು ಹೊಂದಿದೆ. ಪರದೆಗೆ ಗೊರಿಲ್ಲಾ ಗಾಜಿನ ರಕ್ಷಣೆಯಿದ್ದು, ಬಿಸಿಲಿನಲ್ಲಿ ಪ್ರತಿಫಲನವನ್ನು ತಗ್ಗಿಸುವ ಪದರವನ್ನೂ ಅಳವಡಿಸಲಾಗಿದೆ. 1400 ಎಂಎಎಚ್ ಬ್ಯಾಟರಿಯನ್ನು ಬಳಕೆದಾರರೇ ಬದಲಿಸಬಹುದು. 16 ಜಿಬಿ ಆಂತರಿಕ ಸಂಗ್ರಹವಲ್ಲದೆ ಮೈಕ್ರೋಎಸ್‌ಡಿ ಕಾರ್ಡ್ ಬಳಸುವ ಅವಕಾಶವೂ ಇದೆ.

ಕ್ಯಾಮೆರಾ

ಸಂವೇದಕದ ಗಾತ್ರ 1/1.2 ಇಂಚು. 2010ರಲ್ಲಿ ಬಂದ ನೋಕಿಯಾ ಎನ್8 ಫೋನಿನ ಸಂವೇದಕಕ್ಕೆ ಹೋಲಿಸಿದರೆ ಇದರ ವಿಸ್ತೀರ್ಣ ಎರಡು ಪಟ್ಟಿಗೂ ಹೆಚ್ಚು. ಸಂವೇದಕದಲ್ಲಿ ಒಟ್ಟು 7728 × 5368 ಪಿಕ್ಸೆಲ್‌ಗಳಿದ್ದರೂ ಅವೆಲ್ಲವೂ ಒಮ್ಮೆಗೇ ಬಳಕೆಯಾಗುವುದಿಲ್ಲ. 4:3 ಅನುಪಾತದಲ್ಲಿ ಗರಿಷ್ಠ 38 ಮೆಗಾಪಿಕ್ಸೆಲ್ ಹಾಗೂ 16:9 ಅನುಪಾತದಲ್ಲಿ ಗರಿಷ್ಠ 34 ಮೆಗಾಪಿಕ್ಸೆಲ್ ಚಿತ್ರ ದೊರೆಯುತ್ತದೆ. ಮಸೂರವು ಕಾರ್ಲ್ ಝೈಸ್ ಹೆಸರಿನದು. ಅದರ ದ್ಯುತಿರಂಧ್ರ ಎಫ್/2.4.

ಬೃಹತ್ ಗಾತ್ರದ ಚಿತ್ರಗಳನ್ನು ಪಡೆಯುವುದು ಈ ತಂತ್ರಜ್ಞಾನದ ಮುಖ್ಯ ಉದ್ದೇಶವಾಗಿರಲಿಲ್ಲ. ಸಾಮಾನ್ಯ ಬಳಕೆಯಲ್ಲಿ ಫೋನ್ 5 ಮೆಗಾಪಿಕ್ಸೆಲ್ ಚಿತ್ರವನ್ನೇ ಉಳಿಸುತ್ತದೆ. ಸಂವೇದಕದ ಸುಮಾರು ಏಳು ಪಿಕ್ಸೆಲ್‌ಗಳ ಮಾಹಿತಿಯನ್ನು ಕೂಡಿಸಿ ಚಿತ್ರದ ಒಂದು ಪಿಕ್ಸೆಲ್ ರೂಪುಗೊಳ್ಳುತ್ತದೆ. ಒಂದೊಂದು ಪಿಕ್ಸೆಲ್‌ನಲ್ಲಿರುವ ಆಕಸ್ಮಿಕ ದೋಷಗಳು ಸರಾಸರಿಯಲ್ಲಿ ಕರಗುವುದರಿಂದ, ಮಂದ ಬೆಳಕಿನಲ್ಲಿ ಕಾಣಿಸಿಕೊಳ್ಳುವ ಕಾಳುಕಾಳಾದ ಕಲೆಗಳು ಕಡಿಮೆಯಾಗುತ್ತವೆ.

ದೂರದ ವಸ್ತುವನ್ನು ಹಿಗ್ಗಿಸಿ ತೋರಿಸುವಾಗಲೂ ಇದೇ ತತ್ತ್ವ ನೆರವಾಗುತ್ತದೆ. ಸಾಮಾನ್ಯ ಡಿಜಿಟಲ್ ಜೂಮ್‌ನಲ್ಲಿ ಚಿತ್ರದ ಒಂದು ಭಾಗವನ್ನು ಕತ್ತರಿಸಿ ಹಿಗ್ಗಿಸುವುದರಿಂದ ಚಿತ್ರ ಮಸುಕಾಗುತ್ತದೆ. ಇಲ್ಲಿ ಸಂವೇದಕದ ಮಧ್ಯಭಾಗವನ್ನಷ್ಟೇ ಆರಿಸಿಕೊಳ್ಳಲಾಗುತ್ತದೆ. ಆ ಭಾಗದಲ್ಲಿ 5 ಮೆಗಾಪಿಕ್ಸೆಲ್ ಉಳಿದಿರುವವರೆಗೆ ಹಿಗ್ಗಿಸುವ ಅಗತ್ಯವೇ ಬರುವುದಿಲ್ಲ. ಆ ಮಿತಿ ತಲುಪಿದೊಡನೆ ಜೂಮ್ ನಿಲ್ಲುತ್ತದೆ. ಮಸೂರದ ಭಾಗಗಳು ಚಲಿಸದೆಯೇ ಸುಮಾರು ಮೂರು ಪಟ್ಟು ಜೂಮ್ ಹೀಗೆ ಸಾಧ್ಯವಾಗುತ್ತದೆ. ಆದರೆ ಜೂಮ್ ಹೆಚ್ಚಿದಂತೆ ಕೂಡಿಸಲು ಸಿಗುವ ಪಿಕ್ಸೆಲ್‌ಗಳು ಕಡಿಮೆಯಾಗುವುದರಿಂದ ಮೇಲೆ ಹೇಳಿದ ಪ್ರಯೋಜನವೂ ಕಡಿಮೆಯಾಗುತ್ತದೆ.

ಕತ್ತಲಿನಲ್ಲಿ ಚಲಿಸುವ ವಸ್ತುಗಳನ್ನು ಸೆರೆಹಿಡಿಯಲು ಝೆನಾನ್ ಫ್ಲ್ಯಾಶ್ ಇದೆ. ಅದು ಅತ್ಯಲ್ಪ ಕಾಲ ಮಾತ್ರ ಪ್ರಖರವಾಗಿ ಬೆಳಗುವುದರಿಂದ ಚಲನೆ ಸ್ತಬ್ಧವಾದಂತೆ ಚಿತ್ರದಲ್ಲಿ ಮೂಡುತ್ತದೆ. ವಿಡಿಯೋ ಚಿತ್ರೀಕರಣಕ್ಕೆ ಪ್ರತ್ಯೇಕ ಎಲ್‌ಇಡಿ ದೀಪವಿದೆ.

ದೃಶ್ಯ ಮತ್ತು ಧ್ವನಿ

ಫೋನ್ ಸೆಕೆಂಡಿಗೆ 30 ಚೌಕಟ್ಟುಗಳಂತೆ 1080ಪಿ ವಿಡಿಯೋ ಚಿತ್ರೀಕರಿಸುತ್ತದೆ. ಆ ಗುಣಮಟ್ಟದ ಚೌಕಟ್ಟಿಗೆ 1920 ಪಿಕ್ಸೆಲ್ ಅಗಲ ಸಾಕಾಗುವುದರಿಂದ, 7728 ಪಿಕ್ಸೆಲ್ ಅಗಲದ ಸಂವೇದಕದಲ್ಲಿ ನಾಲ್ಕು ಪಟ್ಟಿನವರೆಗೆ ಜೂಮ್ ಮಾಡಬಹುದು. ರಿಚ್ ರೆಕಾರ್ಡಿಂಗ್ ಎಂಬ ಸೌಲಭ್ಯವು ಸ್ಟೀರಿಯೋ ಧ್ವನಿಯನ್ನು ಮುದ್ರಿಸುತ್ತದೆ. ಸಂಗೀತ ಕಛೇರಿಗಳಲ್ಲಿನ ಅಬ್ಬರದ ಸದ್ದಿಗೂ ಧ್ವನಿ ಒಡೆಯದಂತೆ ಇದನ್ನು ರೂಪಿಸಲಾಗಿತ್ತು. ಹೆಡ್‌ಫೋನ್‌ಗಾಗಿ ಡಾಲ್ಬಿ ತಂತ್ರಜ್ಞಾನ, ಟಿವಿಗೆ ಜೋಡಿಸಲು ಎಚ್‌ಡಿಎಂಐ, ಎನ್‌ಎಫ್‌ಸಿ ಮತ್ತು ಎಫ್‌ಎಂ ರೇಡಿಯೋ ಇವೆ. ಫೋನಿನಲ್ಲಿರುವ ಹಾಡುಗಳನ್ನು ಸಮೀಪದ ರೇಡಿಯೋದಲ್ಲಿ ಕೇಳಿಸುವ ಎಫ್‌ಎಂ ಪ್ರಸಾರಕವೂ ಇದೆ.

ಮಿತಿಗಳು

ಕ್ಯಾಮೆರಾ ತನ್ನ ಕಾಲಕ್ಕಿಂತ ಮುಂದಿದ್ದರೂ ಫೋನಿನ ತಂತ್ರಾಂಶವು ಆ ವೇಳೆಗೆ ಹಿಂದುಳಿದಿತ್ತು. 2011ರ ಫೆಬ್ರವರಿಯಲ್ಲಿಯೇ ನೋಕಿಯಾ ತನ್ನ ಮುಂದಿನ ಸ್ಮಾರ್ಟ್‌ಫೋನ್‌ಗಳಿಗೆ ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್ ಅನ್ನು ಆರಿಸಿಕೊಂಡಿತ್ತು. ಹೀಗಾಗಿ ಭವಿಷ್ಯವಿಲ್ಲದ ವ್ಯವಸ್ಥೆಯೊಂದರ ಮೇಲೆ 808 ಮಾರುಕಟ್ಟೆಗೆ ಬಂದಿತು. ಆಂಡ್ರಾಯ್ಡ್ ಮತ್ತು ಐಫೋನ್‌ಗಳಿಗೆ ದೊರೆಯುತ್ತಿದ್ದ ಹೊಸ ಅನ್ವಯಗಳು ಇದಕ್ಕೆ ದೊರೆಯಲಿಲ್ಲ. ಪರದೆಯ ಸ್ಪಷ್ಟತೆ ಹಾಗೂ 1.3 ಗಿಗಾಹರ್ಟ್ಸ್‌ನ ಏಕ ಕೋರ್ ಸಂಸ್ಕಾರಕವೂ ಸಮಕಾಲೀನ ದುಬಾರಿ ಫೋನ್‌ಗಳಿಗೆ ಸಾಟಿಯಾಗಿರಲಿಲ್ಲ. ಇದೇ ಕೊನೆಯ ಸಿಂಬಿಯನ್ ಫೋನ್ ಎಂದು 2013ರ ಜನವರಿಯಲ್ಲಿ ನೋಕಿಯಾ ಖಚಿತಪಡಿಸಿತು.

ನಂತರದ ಬೆಳವಣಿಗೆ

2013ರ ಜುಲೈನಲ್ಲಿ ಪ್ರಕಟವಾದ ನೋಕಿಯಾ ಲೂಮಿಯಾ 1020 ಫೋನ್ 41 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ವಿಂಡೋಸ್ ಫೋನ್‌ಗೆ ತಂದಿತು. ಅದರ ಸಂವೇದಕವು 808ರದ್ದಕ್ಕಿಂತ ಚಿಕ್ಕದಾಗಿದ್ದರೂ ಅಲುಗಾಟ ತಡೆಯುವ ದೃಗ್ವೈಜ್ಞಾನಿಕ ವ್ಯವಸ್ಥೆ ಅದರಲ್ಲಿತ್ತು. ಮುಂದೆ 48 ಹಾಗೂ 108 ಮೆಗಾಪಿಕ್ಸೆಲ್ ಸಂವೇದಕಗಳಿರುವ ಆಂಡ್ರಾಯ್ಡ್ ಫೋನ್‌ಗಳು ಸಾಮಾನ್ಯವಾದವು. ವಿಧಾನ ಬೇರೆಯಾದರೂ, ಹಲವು ಪಿಕ್ಸೆಲ್‌ಗಳನ್ನು ಕೂಡಿಸಿ ಚಿಕ್ಕದಾದ, ಸ್ವಚ್ಛವಾದ ಚಿತ್ರ ಪಡೆಯುವ ತತ್ತ್ವವನ್ನೇ ಅವೂ ಅನುಸರಿಸುತ್ತವೆ.