ಇಟಲಿಯ ಹಳೆಯ ಮೋಟಾರ್‌ಸೈಕಲ್‌ಗಳ ಜೀರ್ಣೋದ್ಧಾರ

ಇಟಲಿಯ ಹಳೆಯ ಮೋಟಾರ್‌ಸೈಕಲ್‌ಗಳ ಜೀರ್ಣೋದ್ಧಾರ ಎಂಬುದು ಇಪ್ಪತ್ತನೆಯ ಶತಮಾನದಲ್ಲಿ ಇಟಲಿಯಲ್ಲಿ ತಯಾರಾಗಿ, ಈಗ ತಯಾರಿಕೆ ನಿಂತುಹೋಗಿರುವ ಮೋಟಾರ್‌ಸೈಕಲ್‌ಗಳನ್ನು ಆಸಕ್ತರು ಕೊಂಡು, ದುರಸ್ತಿಗೊಳಿಸಿ, ಮತ್ತೆ ಓಡುವ ಸ್ಥಿತಿಗೆ ತಂದು ಕಾಪಾಡಿಕೊಂಡು ಬರುವ ಹವ್ಯಾಸವಾಗಿದೆ. ಮೋಟೊ ಗುಝಿ, ಡುಕಾಟಿ, ಎಂವಿ ಅಗಸ್ಟಾ, ಲವರ್ಡಾ, ಜಿಲೇರಾ, ಬೆನೆಲ್ಲಿ ಮತ್ತು ಮೋಟೊ ಮೊರಿನಿ ಸಂಸ್ಥೆಗಳ ವಾಹನಗಳು ಈ ಹವ್ಯಾಸದಲ್ಲಿ ಮುಖ್ಯವಾದವು. ಪಾಳುಬಿದ್ದ ಗುಡಿಗಳನ್ನು ಸರಿಪಡಿಸುವುದಕ್ಕೆ ಕನ್ನಡದಲ್ಲಿ ಬಳಸುವ ‘ಜೀರ್ಣೋದ್ಧಾರ’ ಎಂಬ ಪದವು ಈ ಕೆಲಸಕ್ಕೂ ಸಲ್ಲುತ್ತದೆ. ಹೊಸದಾಗಿಸುವ ಉತ್ಸಾಹದಲ್ಲಿ ಹಳೆಯದೇ ಅಳಿದುಹೋಗದಂತೆ ನೋಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಎರಡರಲ್ಲಿಯೂ ಎದುರಾಗುತ್ತದೆ.

ಹಿನ್ನೆಲೆ

ಜಿಲೇರಾ ಸಂಸ್ಥೆಯು 1909ರಲ್ಲಿಯೂ ಪೆಸಾರೊ ಪಟ್ಟಣದ ಬೆನೆಲ್ಲಿ ಸಂಸ್ಥೆಯು 1911ರಲ್ಲಿಯೂ ಆರಂಭವಾದವು. ಕೋಮೊ ಸರೋವರದ ದಂಡೆಯ ಮಂದೆಲ್ಲೊ ದೆಲ್ ಲಾರಿಯೊ ಎಂಬ ಊರಿನ ಮೋಟೊ ಗುಝಿ 1921ರಲ್ಲಿ ಸ್ಥಾಪನೆಯಾಯಿತು. ಇದನ್ನು ಕಟ್ಟಬೇಕೆಂದು ಯೋಚಿಸಿದ ಕಾರ್ಲೊ ಗುಝಿ, ಜಾರ್ಜೊ ಪರೋದಿ ಮತ್ತು ಜೊವಾನ್ನಿ ರವೆಲ್ಲಿ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದಳದಲ್ಲಿ ಪರಿಚಿತರಾದವರು. ರವೆಲ್ಲಿ 1919ರಲ್ಲಿ ವಿಮಾನ ಅಪಘಾತದಲ್ಲಿ ಮಡಿದರು. ರೆಕ್ಕೆ ಬಿಚ್ಚಿದ ಹದ್ದಿನ ಲಾಂಛನವನ್ನು ಸಂಸ್ಥೆಯು ಅವರ ನೆನಪಿಗಾಗಿ ಇಟ್ಟುಕೊಂಡಿತು.

ಬೊಲೋನಿಯಾ ನಗರದ ಡುಕಾಟಿ ಸಂಸ್ಥೆಯು 1926ರಲ್ಲಿ ರೇಡಿಯೊ ಬಿಡಿಭಾಗಗಳ ತಯಾರಿಕೆಗಾಗಿ ಹುಟ್ಟಿದ್ದು. ಅದರ ಕಾರ್ಖಾನೆ 1944ರ ಅಕ್ಟೋಬರ್ 12ರಂದು ಬಾಂಬ್ ದಾಳಿಗೆ ತುತ್ತಾಯಿತು. ಯುದ್ಧಾನಂತರ, 1946ರಲ್ಲಿ, ಸೈಕಲ್ಲಿಗೆ ಜೋಡಿಸಬಹುದಾದ ‘ಕುಚ್ಚೊಲೊ’ (ನಾಯಿಮರಿ) ಎಂಬ ಪುಟ್ಟ ಎಂಜಿನ್ನನ್ನು ತಯಾರಿಸುವ ಮೂಲಕ ಅದು ದ್ವಿಚಕ್ರ ವಾಹನಗಳ ಕಡೆಗೆ ತಿರುಗಿತು.

ಯುದ್ಧದಿಂದ ಬಡವಾಗಿದ್ದ ದೇಶಕ್ಕೆ ಕಡಿಮೆ ಬೆಲೆಯ ವಾಹನ ಬೇಕಾಗಿತ್ತು. ಆದುದರಿಂದ 1950ರ ದಶಕದ ಮೊದಲರ್ಧದಲ್ಲಿ ಸಣ್ಣ ಮೋಟಾರ್‌ಸೈಕಲ್‌ಗಳು ಹೇರಳವಾಗಿ ಮಾರಾಟವಾದವು. 1955ರಲ್ಲಿ ಫಿಯೆಟ್ 600 ಮತ್ತು 1957ರಲ್ಲಿ ಫಿಯೆಟ್ 500 ಕಾರುಗಳು ಬಂದಮೇಲೆ ಜನರು ಕಾರಿನತ್ತ ಹೊರಳಿದರು. ಮೋಟೊ ಗುಝಿ, ಜಿಲೇರಾ ಮತ್ತು ಮೊಂಡಿಯಾಲ್ ಸಂಸ್ಥೆಗಳು 1957ರ ಕೊನೆಯಲ್ಲಿ ಗ್ರ್ಯಾಂಡ್ ಪ್ರೀ ಪಂದ್ಯಗಳಿಂದ ಹಿಂದೆ ಸರಿದವು. 1960ರ ದಶಕದ ಕೊನೆಯಿಂದ ದೊಡ್ಡ ಎಂಜಿನ್ನಿನ ವಾಹನಗಳು ಬಂದು ಉದ್ಯಮಕ್ಕೆ ಮರುಜೀವ ನೀಡಿದವು. ಇಂದು ಸಂಗ್ರಾಹಕರು ಹೆಚ್ಚಾಗಿ ಅರಸುವುದು ಈ ಎರಡನೆಯ ಘಟ್ಟದ ವಾಹನಗಳನ್ನು.

ಪ್ರಮುಖ ಮಾದರಿಗಳು

* ಮೋಟೊ ಗುಝಿ ಫಾಲ್ಕೋನೆ: 1950ರಲ್ಲಿ ಬಂದ ಇದರ ಎಂಜಿನ್ನಿನಲ್ಲಿ ನೆಲಕ್ಕೆ ಸಮಾಂತರವಾಗಿ ಮಲಗಿರುವ ಒಂದೇ ಸಿಲಿಂಡರ್ ಇದೆ. 88 ಮಿ.ಮೀ. ವ್ಯಾಸ ಮತ್ತು 82 ಮಿ.ಮೀ. ಹೊಡೆತದ ಈ ವಿನ್ಯಾಸವು 1921ರ ಮೊದಲ ಮಾದರಿಯಿಂದಲೇ ಬಂದದ್ದು. ದೊಡ್ಡ ಫ್ಲೈವೀಲ್ ಎಂಜಿನ್ನಿನ ಹೊರಗೆ, ಎಲ್ಲರಿಗೂ ಕಾಣುವಂತೆ ತಿರುಗುತ್ತದೆ.
* ಮೋಟೊ ಗುಝಿ ವಿ7 ಮತ್ತು ವಿ7 ಸ್ಪೋರ್ಟ್: ಜೂಲಿಯೊ ಚೇಸರೆ ಕರ್ಕಾನೊ ರೂಪಿಸಿದ 90 ಡಿಗ್ರಿ ಕೋನದ ಎರಡು ಸಿಲಿಂಡರಿನ ಎಂಜಿನ್ 1967ರಲ್ಲಿ ಮಾರುಕಟ್ಟೆಗೆ ಬಂತು. ಲೀನೊ ತೊಂತಿ ಅದಕ್ಕಾಗಿ ತಗ್ಗಾದ ಹೊಸ ಚಾಸಿಯನ್ನು ರೂಪಿಸಿ 1971ರಲ್ಲಿ ವಿ7 ಸ್ಪೋರ್ಟ್ ಮಾದರಿಯನ್ನು ತಂದರು. ಚಾಸಿಗೆ ಕೆಂಪು ಬಣ್ಣ ಬಳಿದ ಮೊದಲ ಸಣ್ಣ ತಂಡದ ವಾಹನಗಳಿಗೆ ಬೇಡಿಕೆ ಹೆಚ್ಚು.
* ಡುಕಾಟಿ 750 ಸರಣಿ: ಫಾಬಿಯೊ ತಾಲ್ಯೋನಿ ರೂಪಿಸಿದ 750 ಜಿಟಿ 1971ರಲ್ಲಿ ಬಂತು. 1972ರ ಏಪ್ರಿಲ್ 23ರಂದು ನಡೆದ ಇಮೋಲಾ 200 ಮೈಲಿ ಪಂದ್ಯದಲ್ಲಿ ಪಾಲ್ ಸ್ಮಾರ್ಟ್ ಮೊದಲಿಗರಾಗಿ, ಬ್ರೂನೊ ಸ್ಪಜ್ಜಾರಿ ಎರಡನೆಯವರಾಗಿ ಗೆದ್ದ ವಾಹನಗಳ ಮಾದರಿಯಲ್ಲಿ, 1974ರಲ್ಲಿ ಸುಮಾರು 400 ‘750 ಸೂಪರ್ ಸ್ಪೋರ್ಟ್’ಗಳು ಮಾತ್ರ ತಯಾರಾದವು.
* ಲವರ್ಡಾ 750 ಎಸ್‌ಎಫ್‌ಸಿ: ಬ್ರೆಗಾಂಜೆ ಊರಿನ ಲವರ್ಡಾ ಸಂಸ್ಥೆ ದೀರ್ಘಾವಧಿ ಪಂದ್ಯಗಳಿಗಾಗಿ 1971ರಿಂದ ತಯಾರಿಸಿದ ಕಿತ್ತಳೆ ಬಣ್ಣದ ವಾಹನ.
* ಮೋಟೊ ಮೊರಿನಿ ಮೂರೂವರೆ: 1973ರಲ್ಲಿ ಬಂದ 344 ಸಿಸಿಯ ವಾಹನ. ದೊಡ್ಡ ಮಾದರಿಗಳನ್ನು ಕೊಳ್ಳಲಾಗದವರಿಗೆ ಇದು ಎಟಕುವ ಆಯ್ಕೆಯೆನಿಸಿದೆ.

ಕೊಳ್ಳುವ ಮುನ್ನ

ಹಳೆಯ ವಾಹನದ ಬೆಲೆ ಅದರ ಹೊಳಪಿನಿಂದ ನಿಶ್ಚಯವಾಗುವುದಿಲ್ಲ. ಅದು ತಾನು ಯಾವುದೆಂದು ಹೇಳಿಕೊಳ್ಳುತ್ತದೆಯೋ ನಿಜವಾಗಿ ಅದೇ ಹೌದೇ ಎಂಬುದು ಮೊದಲು ತಿಳಿಯಬೇಕಾದ ಸಂಗತಿ. ವಿರಳ ಮಾದರಿಗಳ ಬೆಲೆ ಏರಿದಂತೆಲ್ಲ ನಕಲಿಗಳೂ ಹುಟ್ಟಿಕೊಂಡಿವೆ. ಸಾಮಾನ್ಯ 750 ಜಿಟಿಯ ಚಾಸಿಗೆ ಬೇರೆ ಟ್ಯಾಂಕು, ಬೇರೆ ಸೀಟು ಜೋಡಿಸಿ ಸೂಪರ್ ಸ್ಪೋರ್ಟ್ ಎಂದು ಮಾರುವುದು, ಸಾಧಾರಣ ವಿ7 ಸ್ಪೋರ್ಟ್ ಚಾಸಿಗೆ ಕೆಂಪು ಬಳಿಯುವುದು ಇದಕ್ಕೆ ಉದಾಹರಣೆಗಳು.

ಆದ್ದರಿಂದ ಕೊಳ್ಳುವವರು ಚಾಸಿ ಮತ್ತು ಎಂಜಿನ್ ಮೇಲೆ ಅಚ್ಚೊತ್ತಿದ ಸಂಖ್ಯೆಗಳನ್ನು ಆಯಾ ಮಾದರಿಯ ದಾಖಲೆಗಳೊಡನೆ ಹೋಲಿಸಿ ನೋಡುತ್ತಾರೆ. ಸಂಖ್ಯೆಯ ಸುತ್ತ ಲೋಹವನ್ನು ಉಜ್ಜಿದ ಗುರುತಿದ್ದರೆ ಅನುಮಾನಿಸಬೇಕಾಗುತ್ತದೆ. ಹಲವು ಇಟಾಲಿಯನ್ ವಾಹನಗಳಲ್ಲಿ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ಒಂದೇ ಆಗಿರುವುದಿಲ್ಲ. ಆದುದರಿಂದ ಅವು ಬೇರೆಯಾಗಿರುವುದು ತಾನಾಗಿಯೇ ದೋಷವಲ್ಲ. ಮೂಲ ನೋಂದಣಿ ಪುಸ್ತಕ, ಹಿಂದಿನ ಮಾಲೀಕರ ರಸೀದಿಗಳು, ಹಳೆಯ ಛಾಯಾಚಿತ್ರಗಳು ಇವೆಲ್ಲವೂ ಸಾಕ್ಷ್ಯಗಳೇ. ಇಟಲಿಯ ಹಳೆಯ ನಂಬರ್‌ಪ್ಲೇಟಿನಲ್ಲಿ ಬೊಲೋನಿಯಾಕ್ಕೆ ‘ಬಿಒ’, ಮಿಲಾನೊಗೆ ‘ಎಂಐ’ ಎಂಬಂತೆ ಪ್ರಾಂತದ ಸಂಕೇತಾಕ್ಷರಗಳಿರುತ್ತವೆ. ವಾಹನವು ಎಲ್ಲಿ ನೋಂದಣಿಯಾಗಿತ್ತೆಂಬುದನ್ನು ಅದೂ ತಿಳಿಸುತ್ತದೆ.

ಜೀರ್ಣೋದ್ಧಾರದ ಹಂತಗಳು

*ಬಿಚ್ಚುವುದು.* ಒಂದು ನಟ್ಟನ್ನೂ ಸಡಿಲಿಸುವ ಮೊದಲು ಎಲ್ಲ ಕೋನಗಳಿಂದ ಚಿತ್ರ ತೆಗೆದುಕೊಳ್ಳುವುದು ಅನುಭವಿಗಳ ಪದ್ಧತಿ. ಇಟಲಿಯ ತಯಾರಕರು ಕಾರ್ಬ್ಯುರೇಟರನ್ನು ಡೆಲ್‌ಓರ್ಟೊ, ಮುಂಭಾಗದ ಫೋರ್ಕನ್ನು ಮಾರ್ಜೋಕಿ, ಚಕ್ರದ ರಿಮ್ಮನ್ನು ಬೊರ್ರಾನಿ, ಮೀಟರುಗಳನ್ನು ವೇಲಿಯಾ ಹೀಗೆ ಹೊರಗಿನ ಸಂಸ್ಥೆಗಳಿಂದ ತರಿಸಿಕೊಳ್ಳುತ್ತಿದ್ದರು. ಅಲ್ಲದೆ ವರ್ಷದ ನಡುವೆಯೇ ಭಾಗಗಳನ್ನು ಬದಲಿಸುತ್ತಿದ್ದರು. ಮೊದಮೊದಲ ಡುಕಾಟಿ 750 ಜಿಟಿಗಳಲ್ಲಿ ಅಮಾಲ್ ಕಾರ್ಬ್ಯುರೇಟರ್, ಅನಂತರದವುಗಳಲ್ಲಿ ಡೆಲ್‌ಓರ್ಟೊ ಕಾಣಸಿಗುತ್ತದೆ. ಹೀಗಾಗಿ ಎದುರಿಗಿರುವ ವಾಹನವೇ ಹಲವು ಸಲ ಮುದ್ರಿತ ಕೈಪಿಡಿಗಿಂತ ಹೆಚ್ಚು ನಂಬಬಹುದಾದ ದಾಖಲೆಯಾಗಿರುತ್ತದೆ.

*ಎಂಜಿನ್.* 750 ಸರಣಿಯ ಡುಕಾಟಿ ಎಂಜಿನ್ನುಗಳಲ್ಲಿ ಕ್ಯಾಮ್‌ಶಾಫ್ಟನ್ನು ತಿರುಗಿಸಲು ಚೈನಿನ ಬದಲು ಎರಡು ತುದಿಗಳಲ್ಲಿಯೂ ಓರೆಹಲ್ಲಿನ ಗೇರುಗಳಿರುವ ದಂಡವನ್ನು ಬಳಸಲಾಗಿದೆ. ಈ ಗೇರುಗಳು ಒಂದಕ್ಕೊಂದು ಸರಿಯಾಗಿ ಕಚ್ಚಿಕೊಳ್ಳಲು ಶಿಮ್ ಎಂಬ ತೆಳುವಾದ ಉಕ್ಕಿನ ಬಳೆಗಳನ್ನು ಅಳೆದು ಕೂರಿಸಬೇಕು. ಬಿಗಿಯಾದರೆ ಹಲ್ಲು ಸವೆಯುತ್ತದೆ, ಸಡಿಲವಾದರೆ ಸದ್ದು ಹೆಚ್ಚುತ್ತದೆ. ಸೂಪರ್ ಸ್ಪೋರ್ಟ್‌ನಲ್ಲಿ ಇದರ ಜೊತೆಗೆ ‘ಡೆಸ್ಮೊ’ ವ್ಯವಸ್ಥೆಯೂ ಇದೆ. ಸಾಮಾನ್ಯ ಎಂಜಿನ್ನಿನಲ್ಲಿ ವಾಲ್ವನ್ನು ಮುಚ್ಚುವುದು ಸ್ಪ್ರಿಂಗ್. ಡೆಸ್ಮೊದಲ್ಲಿ ಮುಚ್ಚುವುದಕ್ಕೂ ಪ್ರತ್ಯೇಕ ರಾಕರ್ ಇರುತ್ತದೆ. ತಾಲ್ಯೋನಿ ಇದನ್ನು ಡುಕಾಟಿಯಲ್ಲಿ ಮೊದಲು 1956ರಲ್ಲಿ 125 ಸಿಸಿಯ ಪಂದ್ಯದ ವಾಹನಕ್ಕೆ ಅಳವಡಿಸಿದರು. ಒಂದೊಂದು ವಾಲ್ವಿಗೂ ಎರಡೆರಡು ಅಳತೆಗಳನ್ನು ಹೊಂದಿಸಬೇಕಾದ್ದರಿಂದ ಇಲ್ಲಿ ಅವಸರ ಸಲ್ಲದು.

ಈ ಎಂಜಿನ್ನುಗಳ ಕ್ರ್ಯಾಂಕ್‌ಶಾಫ್ಟಿನ ಒಳಗೆ ಎಣ್ಣೆಯ ಕಸರು ಸೇರುವ ಒಂದು ಕುಳಿ ಇರುತ್ತದೆ. ಅದರ ಮುಚ್ಚಳ ತೆಗೆದು ಶುಚಿಗೊಳಿಸದೆ ಎಂಜಿನ್ ಜೋಡಿಸಿದರೆ ಬೇರಿಂಗಿಗೆ ಎಣ್ಣೆ ತಲಪದೆ ಅದು ಕೆಡುತ್ತದೆ. ವಿ7 ಸ್ಪೋರ್ಟ್‌ನಂತಹ ಗುಝಿ ವಾಹನಗಳಲ್ಲಿ ಸಿಲಿಂಡರಿನ ಒಳಮೈಗೆ ಕ್ರೋಮಿಯಂ ಲೇಪನವಿದೆ. ವಯಸ್ಸಾದಂತೆ ಅದು ಹಕ್ಕಳೆಯಾಗಿ ಎದ್ದು ಎಣ್ಣೆಯಲ್ಲಿ ಬೆರೆಯುತ್ತದೆ. ಅಂಥವನ್ನು ನಿಕಾಸಿಲ್ ಲೇಪನದ ಸಿಲಿಂಡರುಗಳಿಂದ ಬದಲಿಸುವುದು ವಾಡಿಕೆ. ಎಂಜಿನ್ನಿನ ಹೊರಮೈ ಬೆಳಗಲು ಗಾಜಿನ ಸಣ್ಣ ಮಣಿಗಳನ್ನು ಗಾಳಿಯ ಒತ್ತಡದಿಂದ ಎರಚುವ ಕ್ರಮವಿದೆ. ಎಣ್ಣೆಯ ದಾರಿಗಳಲ್ಲಿ ಒಂದಷ್ಟು ಮಣಿ ಉಳಿದರೂ ಹೊಸ ಬೇರಿಂಗುಗಳು ಅಲ್ಪಕಾಲದಲ್ಲಿ ಹಾಳಾಗುತ್ತವೆ. ಹೊರಗಿನ ಹೊಳಪಿಗಾಗಿ ಒಳಗಿನ ಆರೋಗ್ಯ ಕೆಡಿಸಿಕೊಳ್ಳುವ ತಪ್ಪುಗಳಲ್ಲಿ ಇದು ಸಾಮಾನ್ಯವಾದದ್ದು.

*ಪೆಟ್ರೋಲ್ ಟ್ಯಾಂಕ್.* 1970ರ ದಶಕದ ಕೆಲವು ಡುಕಾಟಿ ಮಾದರಿಗಳ ಟ್ಯಾಂಕುಗಳು ಫೈಬರ್‌ಗ್ಲಾಸಿನವು. ಎಥೆನಾಲ್ ಬೆರೆಸಿದ ಇಂದಿನ ಪೆಟ್ರೋಲು ಅದರ ರಾಳವನ್ನು ಮೆತ್ತಗಾಗಿಸುತ್ತದೆ. ಟ್ಯಾಂಕು ಉಬ್ಬುತ್ತದೆ, ಕರಗಿದ ಅಂಟು ಕಾರ್ಬ್ಯುರೇಟರಿಗೆ ಇಳಿಯುತ್ತದೆ. ಒಳಗೆ ರಕ್ಷಕ ಲೇಪನ ಕೊಡಿಸುವುದು, ಓಡಿಸಿದ ಮೇಲೆ ಪೆಟ್ರೋಲನ್ನು ಬರಿದು ಮಾಡುವುದು, ಇಲ್ಲವೇ ಮೂಲ ಟ್ಯಾಂಕನ್ನು ತೆಗೆದಿಟ್ಟು ಬದಲಿ ಟ್ಯಾಂಕಿನಲ್ಲಿ ಓಡಿಸುವುದು ಆಸಕ್ತರು ಕಂಡುಕೊಂಡಿರುವ ದಾರಿಗಳು.

*ವೈರಿಂಗ್.* ಇಟಲಿಯ ವಾಹನಗಳ ವಿದ್ಯುತ್ ವ್ಯವಸ್ಥೆಗೆ ಮೊದಲಿನಿಂದಲೂ ಒಳ್ಳೆಯ ಹೆಸರಿಲ್ಲ. ಆದರೆ ದೋಷ ಹಲವು ಸಲ ಮೂಲ ವಿನ್ಯಾಸದ್ದಲ್ಲ; ಕಿಲುಬು ಹಿಡಿದ ಜೋಡಣೆಗಳದ್ದು ಮತ್ತು ಹಿಂದಿನವರು ಮಾಡಿದ ತೇಪೆಗಳದ್ದು. ಮೂಲ ನಕ್ಷೆಯಂತೆ ಹೊಸ ತಂತಿ ಹಾಕಿ, ಚಾಸಿಗೆ ಅರ್ಥಿಂಗ್ ಸರಿಪಡಿಸಿದರೆ ಬಹುಪಾಲು ತೊಂದರೆಗಳು ನಿವಾರಣೆಯಾಗುತ್ತವೆ.

ಮೂಲಸ್ವರೂಪದ ಪ್ರಶ್ನೆ

ಇಟಲಿಯ ಸಂಗ್ರಾಹಕರು ವಾಹನಗಳನ್ನು ‘ಕೊನ್ಸೆರ್ವಾತೊ’ (ಇದ್ದಂತೆಯೇ ಕಾಪಾಡಿದ್ದು) ಮತ್ತು ‘ರೆಸ್ತಾವ್ರಾತೊ’ (ಜೀರ್ಣೋದ್ಧಾರಗೊಂಡದ್ದು) ಎಂದು ಎರಡಾಗಿ ವಿಂಗಡಿಸುತ್ತಾರೆ. ಮೊದಲು ಎಲ್ಲರ ಒಲವು ಎರಡನೆಯದರ ಕಡೆಗಿತ್ತು. ಪ್ರತಿಯೊಂದು ಭಾಗವನ್ನೂ ಬಿಚ್ಚಿ, ಕೆರೆದು, ಹೊಸ ಬಣ್ಣ ಮತ್ತು ಹೊಸ ಕ್ರೋಮಿಯಂ ಕೊಟ್ಟು, ಕಾರ್ಖಾನೆಯಿಂದ ಹೊರಬಂದಾಗ ಇದ್ದದ್ದಕ್ಕಿಂತಲೂ ಹೊಳೆಯುವಂತೆ ಮಾಡಲಾಗುತ್ತಿತ್ತು. ಸೈನ್ಯ ಅಥವಾ ಪೊಲೀಸ್ ಸೇವೆಯಲ್ಲಿದ್ದ ಫಾಲ್ಕೋನೆಗೆ ನಾಗರಿಕ ಮಾದರಿಯ ಕೆಂಪು ಬಣ್ಣ ಬಳಿದರೆ ನೋಡಲು ಅಂದವಾಗಬಹುದು. ಆದರೆ ಆ ವಾಹನ ನಿಜವಾಗಿ ಬದುಕಿದ ಬದುಕಿನ ಗುರುತು ಅಳಿಸಿಹೋಗುತ್ತದೆ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಅಂಗೀಕರಿಸಿದ ‘ಟ್ಯೂರಿನ್ ಸನ್ನದು’ ಈ ವಿಷಯದಲ್ಲಿ ಮಾರ್ಗದರ್ಶಕವಾಗಿದೆ. ಸ್ಮಾರಕಗಳ ಸಂರಕ್ಷಣೆಗೆ ಸಂಬಂಧಿಸಿದ 1964ರ ವೆನಿಸ್ ಸನ್ನದಿನಿಂದ ಪ್ರೇರಣೆ ಪಡೆದ ಇದು, ಹೊಸದಾಗಿಸುವುದಕ್ಕಿಂತ ಉಳಿಸಿಕೊಳ್ಳುವುದಕ್ಕೆ ಪ್ರಾಶಸ್ತ್ಯ ನೀಡುತ್ತದೆ. ಮಾಡಿದ ಬದಲಾವಣೆಗಳನ್ನು ದಾಖಲಿಸಬೇಕೆಂದೂ ಹೇಳುತ್ತದೆ. ಮಾಸಿದ್ದರೂ ಗಟ್ಟಿಯಾಗಿರುವ ಮೂಲ ಬಣ್ಣ, ಸವೆದ ಸೀಟು, ಕಾರ್ಖಾನೆಯ ಅಂಟುಚೀಟಿ ಇವನ್ನು ಇಂದು ದೋಷಗಳೆಂದು ಎಣಿಸದೆ ಸಾಕ್ಷ್ಯಗಳೆಂದು ಎಣಿಸುವವರು ಹೆಚ್ಚುತ್ತಿದ್ದಾರೆ. ಬಣ್ಣವನ್ನು ಯಾವಾಗ ಬೇಕಾದರೂ ಹೊಸದಾಗಿ ಬಳಿಯಬಹುದು. ಒಮ್ಮೆ ಕೆರೆದು ತೆಗೆದ ಮೂಲ ಬಣ್ಣ ಮರಳಿ ಬಾರದು ಎಂಬುದು ಅವರ ವಾದ.

ಇದಕ್ಕೆ ಪ್ರತಿವಾದವೂ ಇದೆ. ಮೋಟಾರ್‌ಸೈಕಲ್ ಗೋಡೆಯ ಮೇಲಿನ ಚಿತ್ರವಲ್ಲ, ಓಡಬೇಕಾದ ಯಂತ್ರ. ಸವೆದ ಬ್ರೇಕು, ಬಿರುಕುಬಿಟ್ಟ ಟಯರು, ಹಳೆಯ ತಂತಿಗಳನ್ನು ‘ಮೂಲ’ವೆಂಬ ಕಾರಣಕ್ಕೆ ಉಳಿಸಿಕೊಂಡರೆ ಸವಾರನ ಪ್ರಾಣಕ್ಕೆ ಅಪಾಯ. ಆದುದರಿಂದ ಸುರಕ್ಷತೆಗೆ ಬೇಕಾದುದನ್ನು ಬದಲಿಸಿ, ತೆಗೆದ ಮೂಲ ಭಾಗಗಳನ್ನು ಹೆಸರು ಬರೆದು ಜೋಪಾನವಾಗಿಡುವ ಮಧ್ಯಮ ಮಾರ್ಗವನ್ನು ಅನೇಕರು ಅನುಸರಿಸುತ್ತಾರೆ.

ಸಂಘಗಳು ಮತ್ತು ಕೂಟಗಳು

1966ರಲ್ಲಿ ಸ್ಥಾಪನೆಯಾದ, ಟ್ಯೂರಿನ್‌ನಲ್ಲಿ ಕೇಂದ್ರ ಕಚೇರಿಯುಳ್ಳ ‘ಎಎಸ್‌ಐ’ ಎಂಬ ಇಟಲಿಯ ಐತಿಹಾಸಿಕ ವಾಹನಗಳ ಸಂಘವು ವಾಹನಗಳನ್ನು ಪರಿಶೀಲಿಸಿ ಪ್ರಮಾಣಪತ್ರ ನೀಡುತ್ತದೆ. ಅಲ್ಲಿನ ಮೋಟಾರ್‌ಸೈಕಲ್ ಒಕ್ಕೂಟವೂ ಪ್ರತ್ಯೇಕ ಐತಿಹಾಸಿಕ ನೋಂದಣಿ ಪುಸ್ತಕವನ್ನು ಇಟ್ಟಿದೆ. ಬಿಡಿಭಾಗಗಳನ್ನು ಮಾರುವ, ಬದಲಾಯಿಸಿಕೊಳ್ಳುವ ‘ಮೋಸ್ತ್ರ ಸ್ಕಾಂಬ್ಯೊ’ ಸಂತೆಗಳಲ್ಲಿ ಇಮೋಲಾದ ಪಂದ್ಯದ ಅಂಗಳದಲ್ಲಿ ನಡೆಯುವುದು ಹೆಸರಾಂತದ್ದು. 1953ರಿಂದ 1957ರವರೆಗೆ ಸಣ್ಣ ವಾಹನಗಳಿಗಾಗಿ ರಸ್ತೆಗಳಲ್ಲಿಯೇ ನಡೆದ ಮೋಟೊಜೀರೊ ಪಂದ್ಯವು, ಈಗ ಅದೇ ಹೆಸರಿನಲ್ಲಿ ಹಳೆಯ ವಾಹನಗಳ ಸವಾರಿಯಾಗಿ ಮರುಹುಟ್ಟು ಪಡೆದಿದೆ. ಮಂದೆಲ್ಲೊದಲ್ಲಿ ಮೋಟೊ ಗುಝಿ ವಸ್ತುಸಂಗ್ರಹಾಲಯವೂ ಬೊಲೋನಿಯಾದ ಬೋರ್ಗೊ ಪನಿಗಾಲೆಯಲ್ಲಿ ಡುಕಾಟಿ ವಸ್ತುಸಂಗ್ರಹಾಲಯವೂ ಇವೆ.

ಭಾರತದಲ್ಲಿ

ಭಾರತಕ್ಕೆ ಇಟಲಿಯ ದ್ವಿಚಕ್ರ ವಾಹನಗಳ ಪರಿಚಯವಾದದ್ದು ಮುಖ್ಯವಾಗಿ ಸ್ಕೂಟರುಗಳ ಮೂಲಕ. ಮುಂಬಯಿಯಲ್ಲಿ ಲ್ಯಾಂಬ್ರೆಟಾ, ಪುಣೆಯಲ್ಲಿ ಬಜಾಜ್ ಸಂಸ್ಥೆಯಿಂದ ವೆಸ್ಪಾ ತಯಾರಾದವು. ಇನೊಚೆಂತಿ ಸಂಸ್ಥೆಯು ಲ್ಯಾಂಬ್ರೆಟಾ ತಯಾರಿಕೆಯನ್ನು ನಿಲ್ಲಿಸಿದಾಗ ಅದರ ಯಂತ್ರೋಪಕರಣಗಳನ್ನು ಲಖನೌದ ಸ್ಕೂಟರ್ಸ್ ಇಂಡಿಯಾ ಕೊಂಡುಕೊಂಡಿತು. ಈ ಕಾರಣದಿಂದ ಯೂರೋಪಿನ ಲ್ಯಾಂಬ್ರೆಟಾ ಪ್ರಿಯರು ಭಾರತದಲ್ಲಿ ತಯಾರಾದ ಬಿಡಿಭಾಗಗಳನ್ನು ಇಂದಿಗೂ ಬಳಸುತ್ತಾರೆ.

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಮಾಡಿದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಅವುಗಳ ನಂಬರ್‌ಪ್ಲೇಟಿನಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಅಕ್ಷರಗಳು ಬರುತ್ತವೆ. ಕರ್ನಾಟಕದಲ್ಲಾದರೆ ‘ಕೆಎ ವಿಎ’. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಉದ್ದೇಶಗಳಿಗೆ ಮಾತ್ರ ಇವನ್ನು ರಸ್ತೆಗೆ ತರಬಹುದು. ವಾಹನವು ಮೂಲರೂಪದಲ್ಲಿರಬೇಕು, ಚಾಸಿ, ಹೊರಕವಚ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದೂ ನಿಯಮದಲ್ಲಿ ಸೇರಿದೆ. ಆದುದರಿಂದ ಹಳೆಯ ವಾಹನವನ್ನು ಜೀರ್ಣೋದ್ಧಾರಕ್ಕೆ ಕೊಡುವವರು, ಕೆಲಸ ಆರಂಭಿಸುವ ಮೊದಲೇ ಅದರ ಸ್ಥಿತಿಯ ಚಿತ್ರಗಳನ್ನೂ ತೆಗೆದ ಭಾಗಗಳ ಪಟ್ಟಿಯನ್ನೂ ಇಟ್ಟುಕೊಳ್ಳುವುದು ಇಲ್ಲಿಯೂ ಉಪಯುಕ್ತ.